ಪಿಕಪ್ ಡಿಫ್ ಲಾಕ್ ಮಾಡೋಕೆ ಕಡಿಮೆ ಖರ್ಚಿನ ದಾರಿ ಯಾವುದು: ವೆಲ್ಡಿಂಗ್, ಮಿನಿ ಸ್ಪೂಲ್, ಫುಲ್ ಸ್ಪೂಲ್, ಲಂಚ್‌ಬಾಕ್ಸ್ ಲಾಕರ್

ಟೆಕ್ಸಾಸಲ್ಲಿ ನಾನು ಡ್ರ್ಯಾಗ್ ಸ್ಟ್ರಿಪ್‌ಗೆ (ನೇರ ಟ್ರ್ಯಾಕಲ್ಲಿ ಯಾರು ಬೇಗ ಅಂತ ರೇಸ್ ಮಾಡೋ ಜಾಗ) ತಗೊಂಡು ಹೋಗೋದು ತೊಂಬತ್ತರ ದಶಕದ ಫೋರ್ಡ್ ಎಫ್-150, ಶಾರ್ಟ್ ಬೆಡ್, 5.0 ಲೀಟರ್ ವಿ8, ಹಿಂದೆ 8.8 ಇಂಚಿನ ಆಕ್ಸಲ್, ಫ್ಯಾಕ್ಟರಿಯಿಂದ ಬಂದಿದ್ದು ಓಪನ್ ಡಿಫ್, ಅಂದ್ರೆ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ, ಲಾಕ್ ಇಲ್ಲದ ಡಿಫರೆನ್ಷಿಯಲ್. ಲೈನಲ್ಲಿ ನಿಂತು ಪೂರ್ತಿ ಒತ್ತಿದ್ರೆ ಬಲಗಡೆ ಟೈರ್ ಒಂದೇ ಹೊಗೆ ಎಬ್ಬಿಸ್ಕೊಂಡು ಸುತ್ತುತ್ತಿತ್ತು, ಗಾಡಿ ಮುಂದಕ್ಕೆ ಹೋಗ್ತಿರಲಿಲ್ಲ. ಬೆಡ್ ಖಾಲಿ, ತೂಕ ಎಲ್ಲ ಮುಂದೆ, ಅದರ ಜೊತೆ ಪ್ರೊಪೆಲ್ಲರ್ ಶಾಫ್ಟ್ ತಿರುಗೋ ಬಲಕ್ಕೆ ಬಲಗಡೆ ಹಿಂದಿನ ಚಕ್ರದ ಮೇಲಿನ ಭಾರ ಕಡಿಮೆ ಆಗುತ್ತೆ. ಊರಲ್ಲಿ ಗದ್ದೆ ಕೆಸರಲ್ಲಿ ಟ್ರ್ಯಾಕ್ಟರ್ ಒಂದು ಗಾಲಿ ಸುತ್ತೋಕೆ ಶುರು ಮಾಡಿದ್ರೆ ಡಿಫ್ ಲಾಕ್ ಪೆಡಲ್ ತುಳೀತೀವಲ್ಲ, ಇಲ್ಲಿ ಬೇಕಾಗಿರೋದೂ ಅದೇ, ಆದ್ರೆ ಈ ಟ್ರಕ್ಕಲ್ಲಿ ಆ ಪೆಡಲ್ ಇಲ್ಲ.

ಎಲ್ಲರೂ ಮೊದಲು ಹೇಳೋದು ವೆಲ್ಡಿಂಗ್. ಕವರ್ ಬಿಚ್ಚಿ ಒಳಗಿನ ಸಣ್ಣ ಗೇರ್‌ಗಳನ್ನ (ಸ್ಪೈಡರ್ ಗೇರ್) ಒಂದಕ್ಕೊಂದು ವೆಲ್ಡ್ ಮಾಡಿಬಿಟ್ರೆ ಮುಗೀತು, ರಾಡ್ ಖರ್ಚು ಅಷ್ಟೇ. ಸ್ನೇಹಿತರೊಬ್ಬರ ಟ್ರಕ್ಕಲ್ಲಿ ಹಂಗೆ ಮಾಡಿದ್ರು, ಅವರ ಜಮೀನಲ್ಲೇ ಓಡಿಸಿ ನೋಡ್ದೆ, ಎರಡೂ ಚಕ್ರ ಚೆನ್ನಾಗೇ ಎಳೀತು. ಆದ್ರೂ ನಾನು ಮಾಡಿಸಲ್ಲ. ಗಟ್ಟಿ ಮಾಡಿರೋ ಗೇರ್ ಸ್ಟೀಲು ವೆಲ್ಡ್ ಮಾಡಿದ ಪಕ್ಕದಲ್ಲೇ ಪೆಡಸಾಗಿ ಬಿರುಕು ಬಿಡುತ್ತೆ, ಚೂರು ಬಿದ್ರೆ ಬೇರಿಂಗ್, ಕ್ರೌನ್, ಪಿನಿಯನ್ (ಎಂಜಿನ್ ಬಲ ಡಿಫ್‌ಗೆ ಕೊಡೋ ದೊಡ್ಡ, ಸಣ್ಣ ಗೇರ್) ಎಲ್ಲ ಹಾಳು, ಮತ್ತೆ ಮುಖ್ಯವಾಗಿ ಎನ್‌ಎಚ್‌ಆರ್‌ಎ (ಅಮೆರಿಕದ ಡ್ರ್ಯಾಗ್ ರೇಸಿಂಗ್ ಸಂಸ್ಥೆ) ರೂಲ್ಸಲ್ಲಿ ವೆಲ್ಡ್ ಮಾಡಿದ ಸ್ಪೈಡರ್ ಗೇರ್ ನಿಷೇಧ. ರೇಸ್‌ಗೋಸ್ಕರ ಮಾಡಿ ರೇಸಿಗೇ ಬಿಡದಿದ್ರೆ ಏನು ಪ್ರಯೋಜನ?

ಮಿನಿ ಸ್ಪೂಲ್ ಅಂದ್ರೆ ಸ್ಪೈಡರ್ ಗೇರ್ ಜಾಗದಲ್ಲಿ ಕೂತು ಎರಡು ಆಕ್ಸಲ್ಲೂ ಒಟ್ಟಿಗೇ ತಿರುಗೋ ಹಂಗೆ ಮಾಡೋ ತುಂಡು, ಸುಮಾರು 100 ಡಾಲರ್ ಒಳಗೆ ಸಿಗುತ್ತೆ. ಕವರ್ ತೆಗೆದು, ಅಡ್ಡ ಪಿನ್ ಎಳೆದು, ಆಕ್ಸಲ್‌ಗಳನ್ನ ಒಳಗೆ ತಳ್ಳಿ ಸಿ-ಕ್ಲಿಪ್ (ಶಾಫ್ಟಿನ ಒಳತುದಿ ಹಿಡಿದಿರೋ ಕ್ಲಿಪ್) ಬಿಚ್ಚಿದ್ರೆ ಹಳೇ ಗೇರ್ ಹೊರಗೆ, ಸ್ಪೂಲ್ ಒಳಗೆ. ಕ್ರೌನ್ ಮುಟ್ಟಬೇಕಾಗಿಲ್ಲ, ಬ್ಯಾಕ್‌ಲ್ಯಾಶ್ (ಗೇರ್ ಹಲ್ಲುಗಳ ನಡುವಿನ ಸಡಿಲ) ಸೆಟ್ ಮಾಡೋ ತಲೆನೋವಿಲ್ಲ, ಮನೇಲೇ ಒಂದು ಮಧ್ಯಾಹ್ನದಲ್ಲಿ ಆಗೋ ಕೆಲಸ. ಲಾಂಚ್ (ನಿಂತಲ್ಲಿಂದ ಹೊರಡೋದು) ಮಾತ್ರ ಬೇರೆ ಗಾಡಿ ಥರ ಆಗೋಯ್ತು, ನೇರ ಹೋಗುತ್ತೆ, 60 ಫೂಟ್ ಟೈಮಲ್ಲಿ (ಮೊದಲ 60 ಅಡಿ ದಾಟೋ ಸಮಯ) ಎದ್ದು ಕಾಣೋ ಅಷ್ಟು ವ್ಯತ್ಯಾಸ. ಕೊರತೆ ಏನಂದ್ರೆ ಸ್ಪೂಲ್ ಕೂರೋ ಹೊರಗಿನ ಕೇಸ್ ಹಳೇದೇ ಇರುತ್ತೆ, ಸ್ಲಿಕ್ ಟೈರ್ (ಗೀರಿಲ್ಲದ, ಗಟ್ಟಿ ಹಿಡಿಯೋ ರೇಸ್ ಟೈರ್) ಹಾಕಿ ಜೋರಾಗಿ ಬಿಟ್ರೆ ಒಡೆಯೋದು ಆ ಕೇಸೇ.

ಫುಲ್ ಸ್ಪೂಲ್ ಅಂದ್ರೆ ಕೇಸ್ ಸಮೇತ ಬದಲು, ಒಂದೇ ತುಂಡು ಸ್ಟೀಲು. ಪಾರ್ಟ್ 200 ಡಾಲರ್ ಚಿಲ್ಲರೆ, ಆದ್ರೆ ಶಿಮ್ (ಅಂತರ ಹೊಂದಿಸೋ ತೆಳು ತಗಡು), ಡಯಲ್ ಗೇಜ್, ಹಲ್ಲಿನ ಪ್ಯಾಟರ್ನ್ ನೋಡೋದು ಎಲ್ಲ ಗೊತ್ತಿರಬೇಕು, ಇಲ್ಲಾಂದ್ರೆ ಲೇಬರ್ ಖರ್ಚು ಪಾರ್ಟ್ ಬೆಲೆಗಿಂತ ಜಾಸ್ತಿ ಆಗುತ್ತೆ.

ಇಲ್ಲಿ ಯಾರೂ ಸರಿಯಾಗಿ ಲೆಕ್ಕ ಹಾಕದೇ ಇರೋ ವಿಷಯ ಆಕ್ಸಲ್ ಶಾಫ್ಟ್. ಓಪನ್ ಡಿಫಲ್ಲಿ ಒಂದೊಂದು ಶಾಫ್ಟಿಗೆ ಅರ್ಧರ್ಧ ಟಾರ್ಕ್ ಅಷ್ಟೇ, ಲಾಕ್ ಮಾಡಿದ ಮೇಲೆ ಯಾವ ಟೈರ್ ಹಿಡಿಯುತ್ತೋ ಆ ಕಡೆ ಶಾಫ್ಟ್ ಪೂರ್ತಿ ಟಾರ್ಕ್ ಹೊರಬೇಕಾಗಬಹುದು. ಸಿ-ಕ್ಲಿಪ್ ಆಕ್ಸಲ್ಲಲ್ಲಿ ಶಾಫ್ಟ್ ಮುರಿದ್ರೆ ಚಕ್ರ ಹಿಡ್ಕೊಳ್ಳೋಕೆ ಏನೂ ಇರಲ್ಲ, ಶಾಫ್ಟ್ ಸಮೇತ ಆಚೆ ಬರುತ್ತೆ. ಅದಕ್ಕೇ ಡಿಫ್ ಲಾಕ್ ಮಾಡಿದ ಗಾಡಿಗೆ ಎನ್‌ಎಚ್‌ಆರ್‌ಎ ಆಫ್ಟರ್‌ಮಾರ್ಕೆಟ್ ಆಕ್ಸಲ್, ಸಿ-ಕ್ಲಿಪ್ ಎಲಿಮಿನೇಟರ್ (ಕ್ಲಿಪ್ ಬದಲು ಶಾಫ್ಟನ್ನ ಹೊರತುದಿಯಲ್ಲೇ ಹಿಡಿಯೋ ಕಿಟ್) ಕೇಳೋದು, ಅದು ಸುಮ್ನೆ ಕಾಟ ಅಲ್ಲ, ಜೀವದ ಪ್ರಶ್ನೆ. ಈ ದುಡ್ಡು ಸೇರಿಸಿದ್ರೆ 100 ಡಾಲರ್ ಮಿನಿ ಸ್ಪೂಲೂ ಫುಲ್ ಸ್ಪೂಲೂ ಹತ್ರ ಹತ್ರಾನೇ ಬಂದು ನಿಲ್ಲುತ್ತೆ, ಆಗ ಹಳೇ ಕೇಸ್ ಯಾಕೆ ನಂಬ್ಕೋಬೇಕು ಹೇಳಿ.

ಲಂಚ್‌ಬಾಕ್ಸ್ ಲಾಕರ್ ಕೂಡ ಮಿನಿ ಸ್ಪೂಲ್ ಥರಾನೇ ಹಳೇ ಕೇಸಲ್ಲಿ ಕೂರುತ್ತೆ, 300-400 ಡಾಲರ್. ಆಕ್ಸಿಲರೇಟರ್ ಕೊಟ್ರೆ ಎರಡೂ ಕಡೆ ಹಲ್ಲು ಕಚ್ಚುತ್ತೆ, ತಿರುವಲ್ಲಿ ಕಾಲು ತೆಗೆದ್ರೆ ಹೊರಗಿನ ಚಕ್ರ ಟಕ್ ಟಕ್ ಅಂತ ಜಾರ್ಕೊಂಡು ಬೇಗ ತಿರುಗೋಕೆ ಬಿಡುತ್ತೆ. ಸ್ಟ್ರಿಪ್ಪಲ್ಲಿ ಸ್ಪೂಲಿಗೂ ಇದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಸಿಗಲಿಲ್ಲ, ಮಧ್ಯದಲ್ಲಿ ಕಾಲು ಎತ್ತಿ ಮತ್ತೆ ಒತ್ತಿದ್ರೆ ಮಾತ್ರ ಹಿಂದೆ ಒಂದು ಜರ್ಕ್. ರೋಡಲ್ಲಿ ಮಾತ್ರ ಭೂಮಿ ಆಕಾಶದ ಅಂತರ. ಸ್ಪೂಲ್ ಹಾಕ್ಕೊಂಡು ಪಾರ್ಕಿಂಗಲ್ಲಿ ತಿರುಗಿಸಿದ್ರೆ ಟೈರ್ ಕಿರ್ರ್ ಅಂತ ಉಜ್ಜುತ್ತೆ, ಮಳೇಲಿ ಖಾಲಿ ಬೆಡ್ಡಿನ ಪಿಕಪ್ ಹಿಂಭಾಗ ಯಾವಾಗ ಪಕ್ಕಕ್ಕೆ ಬರುತ್ತೋ ಹೇಳೋಕಾಗಲ್ಲ.

ಹಳೇ ಟ್ರ್ಯಾಕ್-ಲಾಕ್ (ಫೋರ್ಡಿನದೇ ಕ್ಲಚ್ ಇರೋ ಲಿಮಿಟೆಡ್ ಸ್ಲಿಪ್ ಡಿಫ್) ಇದ್ದವರು ಹೊಸ ಕ್ಲಚ್ ಪ್ಲೇಟ್ ಹಾಕಿಸ್ಕೊಂಡ್ರೂ ಸಾಕು, ಸ್ಟ್ರೀಟ್ ಟೈರಿಗೆ ಅದು ಚೆನ್ನಾಗಿ ಹಿಡಿಯುತ್ತೆ, ಸ್ಲಿಕ್ ಹಾಕಿ ಪದೇ ಪದೇ ಲಾಂಚ್ ಮಾಡಿದ್ರೆ ಬೇಗ ಸವೆಯುತ್ತೆ.

ಟ್ರಕ್ ಓಡಿಸ್ಕೊಂಡೇ ಸ್ಟ್ರಿಪ್‌ಗೆ ಹೋಗಿ ಓಡಿಸ್ಕೊಂಡೇ ಮನೆಗೆ ಬರೋದಾದ್ರೆ ಲಂಚ್‌ಬಾಕ್ಸ್ ಲಾಕರ್ ಜೊತೆ ಒಳ್ಳೇ ಆಕ್ಸಲ್, ನನ್ನದರಲ್ಲಿ ಈಗ ಇರೋದೂ ಅದೇ. ಟ್ರೇಲರ್ ಮೇಲೆ ಹೋಗೋ ಗಾಡಿಗೆ ಫುಲ್ ಸ್ಪೂಲ್, ಬೇರೆ ಯೋಚನೆ ಬೇಡ. ಆರ್ಡರ್ ಮಾಡೋ ಮುಂಚೆ ಶಾಫ್ಟ್ ಎಳೆದು ಸ್ಪ್ಲೈನ್ (ಶಾಫ್ಟ್ ತುದೀಲಿರೋ ಹಲ್ಲು) ಎಣಿಸ್ಕೊಳ್ಳಿ, 8.8ರಲ್ಲಿ 28ರದ್ದೂ ಇದೆ 31ರದ್ದೂ ಇದೆ, ಒಂದರ ಪಾರ್ಟ್ ಇನ್ನೊಂದಕ್ಕೆ ಕೂರಲ್ಲ.