20ಕ್ಕೆ 19 ಬಂದರೂ ನಾನು ಫೇಲ್: ಆಸ್ಟ್ರೇಲಿಯಾ ಪೌರತ್ವ ಪರೀಕ್ಷೆಗೆ 'ಫ್ರೀ' ಪಿಡಿಎಫ್ ಓದುವವರೇ, ಸ್ವಲ್ಪ ನಿಲ್ಲಿ

ರಜೆಗೆ ಪುಣೆಗೆ ಬಂದು ನಾಲ್ಕು ದಿನವಾಯಿತು. ನಿನ್ನೆ ಸಂಜೆ ನಮ್ಮ ಸೊಸೈಟಿಯ ಬಿ ವಿಂಗ್‌ನ ಅಂಕಲ್ ಒಬ್ಬರು ಬೆಲ್ ಮಾಡಿದರು. ಅವರ ಅಳಿಯ ಸಿಡ್ನಿಯಲ್ಲಿದ್ದಾನೆ, ಪೌರತ್ವ ಪರೀಕ್ಷೆಗೆ ತಾರೀಖು ಬಂದಿದೆಯಂತೆ. "ನಿಮ್ಮ ಮಗಳು ಓದಿದ್ದ ಆ ಸ್ಪೈರಲ್ ಪುಸ್ತಕ ಇದೆಯಾ?" ಎಂದು ಕೇಳಿದರು. ಅಪ್ಪ ಆಗಲೇ ಕಪಾಟಿನ ಬಾಗಿಲು ತೆಗೆದಿದ್ದರು. ನಾನು ಅಡುಗೆಮನೆಯಿಂದ ಓಡಿ ಬಂದು ತಡೆದೆ.

ಆ ಪುಸ್ತಕ ಓದಿಯೇ ನಾನು ಫೇಲಾಗಿದ್ದು. ಅಪ್ಪನಿಗೆ ಅದನ್ನು ನಾಲ್ಕು ಜನರಿಗೆ ಹೇಳಲು ಇಷ್ಟವಿಲ್ಲ. ಅದಕ್ಕೇ ನಾನು ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ವರ್ಷದ ಮಾತು. ನಾನು ಮತ್ತು ನಮ್ಮ ಮನೆಯವರು ಮೆಲ್ಬರ್ನ್‌ನಲ್ಲಿ ಪೌರತ್ವಕ್ಕೆ ಅರ್ಜಿ ಹಾಕಿದ್ದೆವು. ಅಷ್ಟರಲ್ಲಿ ಅಮ್ಮನ ಮಂಡಿ ಆಪರೇಶನ್ ಬಂತು. ಎರಡು ತಿಂಗಳು ಕೋಥ್ರೂಡ್‌ನ ಮನೆಯಲ್ಲಿ ಇರಬೇಕಾಯಿತು. ಪರೀಕ್ಷೆಯ ತಾರೀಖು ನಾನು ವಾಪಸ್ ಹೋಗುವ ವಾರವೇ ಬಿತ್ತು. ಸರಿ, ಇಲ್ಲೇ ಓದಿಕೊಂಡರಾಯಿತು ಅಂದುಕೊಂಡೆ.

ಅಪ್ಪ ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಪರೀಕ್ಷೆ ಅಂದರೆ ಅವರಿಗೆ ಹಬ್ಬ. ಬೆಳಗಿನ ವಾಕಿಂಗ್ ಗೆಳೆಯರೊಬ್ಬರಿಂದ ಒಂದು ವಾಟ್ಸಾಪ್ ಗುಂಪಿನ ಲಿಂಕ್ ತಂದರು. ಪುಣೆಯಲ್ಲೇ ಯಾರೋ ವೀಸಾ ಏಜೆಂಟ್ ನಡೆಸುವ ಗುಂಪು. ಎಲ್ಲಾ ಫ್ರೀ: ಪ್ರಶ್ನೆಪುಸ್ತಕ ಫ್ರೀ, ಮಾಕ್ ಟೆಸ್ಟ್ ಫ್ರೀ. 62 ಪುಟದ ಪಿಡಿಎಫ್. ಅಪ್ಪ ಅದನ್ನು ಮೂಲೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ, ಮೇಲೆ ನನ್ನ ಹೆಸರು ಬರೆದು ತಂದರು. ಶಾಲೆಗೆ ಹೋಗುವಾಗಲೂ ಹೀಗೇ ಮಾಡುತ್ತಿದ್ದರು.

ಆಮೇಲೆ ದಿನಾ ಅದೇ ಕೆಲಸ. ಅಮ್ಮನಿಗೆ ವ್ಯಾಯಾಮ ಮಾಡಿಸಲು ಬರುವ ಹುಡುಗಿ ಮರಾಠಿಯಲ್ಲಿ ಹತ್ತು ಎಣಿಸುವಷ್ಟರಲ್ಲಿ ನಾನು ಆರು ರಾಜ್ಯಗಳ ಹೆಸರು ಹೇಳಿ ಮುಗಿಸಬೇಕು. ರೊಟ್ಟಿ ಬಡಿಯುವಾಗ ಅಪ್ಪ ಬಾಗಿಲಲ್ಲಿ ನಿಂತು "ಒಕ್ಕೂಟ ಆದದ್ದು ಯಾವಾಗ?" ಅನ್ನುವರು. 1901, ಜನವರಿ 1. "ಬ್ರಿಟನ್ನಿನಿಂದ ಮೊದಲ ಹಡಗುಪಡೆ ಬಂದದ್ದು?" 1788, ಜನವರಿ 26. "ರಾಷ್ಟ್ರೀಯ ಹೂವು?" ಗೋಲ್ಡನ್ ವ್ಯಾಟಲ್. ಕ್ರಿಕೆಟಿಗ ಬ್ರಾಡ್ಮನ್ ಸರಾಸರಿ 99.94 ಅಂತ ಅಮ್ಮನಿಗೂ ಬಾಯಿಗೆ ಬಂದಿತ್ತು. ನದಿಗಳು, ಬೆಟ್ಟಗಳು, ಯುದ್ಧಗಳು, ಎಲ್ಲಾ ಬಾಯಿಪಾಠ.

ಅತ್ತ ಮೆಲ್ಬರ್ನ್‌ನಲ್ಲಿ ನಮ್ಮ ಮನೆಯವರು ಸರ್ಕಾರದ್ದೇ 'ಅವರ್ ಕಾಮನ್ ಬಾಂಡ್' ಕೈಪಿಡಿಯನ್ನು ಟ್ರೇನಿನಲ್ಲಿ ಓದುತ್ತಿದ್ದರು. ಅದೂ ಮೊದಲ ನಾಲ್ಕು ಭಾಗ ಮಾತ್ರ. "ಅಷ್ಟೇನಾ ಓದೋದು?" ಎಂದು ನಾನೇ ಫೋನಿನಲ್ಲಿ ಗೇಲಿ ಮಾಡಿದ್ದೆ.

ಪರೀಕ್ಷೆ ದಿನ ಇಬ್ಬರೂ ಒಟ್ಟಿಗೆ ಹೋದೆವು. ಕಂಪ್ಯೂಟರ್ ಮುಂದೆ ಕೂರಿಸುತ್ತಾರೆ. ಇಂಗ್ಲಿಷ್‌ನಲ್ಲಿ 20 ಪ್ರಶ್ನೆ, 45 ನಿಮಿಷ, ಆಯ್ಕೆ ಉತ್ತರ. ಪುಸ್ತಕದಲ್ಲಿ ಬರೆದಿದ್ದು 15 ಸರಿ ಇದ್ದರೆ ಪಾಸ್ ಅಂತ. ನಾನು ಹನ್ನೆರಡು ನಿಮಿಷದಲ್ಲಿ ಮುಗಿಸಿದೆ. 19 ಸರಿ. ಫೇಲ್.

ಮೊದಲು ಯಂತ್ರದ ತಪ್ಪು ಅಂದುಕೊಂಡೆ. ಅಲ್ಲ. 2020ರ ನವೆಂಬರ್ 15ರಿಂದ ನಿಯಮವೇ ಬದಲಾಗಿದೆ. 20ರಲ್ಲಿ 5 ಪ್ರಶ್ನೆ ಆಸ್ಟ್ರೇಲಿಯಾದ ಮೌಲ್ಯಗಳ ಮೇಲೆ ಇರುತ್ತವೆ. ಆ ಐದಕ್ಕೆ ಐದೂ ಸರಿಯಾಗಲೇಬೇಕು. ಒಟ್ಟು 15 ಬರುವುದರ ಜೊತೆಗೆ ಇದೂ ಆಗಬೇಕು. ನನ್ನ ಒಂದೇ ಒಂದು ತಪ್ಪು ಬಿದ್ದಿದ್ದು ಆ ಐದರಲ್ಲೇ. ಬೇರೆ ಕಡೆ ಐದು ತಪ್ಪಿದ್ದರೂ ಪಾಸಾಗುತ್ತಿದ್ದೆ. ನಮ್ಮ ಮನೆಯವರು ಎರಡು ತಪ್ಪು ಮಾಡಿ ಪಾಸಾಗಿ ಹೊರಗೆ ನಗುತ್ತಾ ನಿಂತಿದ್ದರು. ಆ ನಗು ನನಗೆ ಈಗಲೂ ನೆನಪಿದೆ.

ಮನೆಗೆ ಬಂದು ಸ್ಪೈರಲ್ ಪುಸ್ತಕವನ್ನು ಮೊದಲಿಂದ ತಿರುವಿದೆ. ಮೌಲ್ಯಗಳು ಅನ್ನುವ ಅಧ್ಯಾಯವೇ ಅದರಲ್ಲಿ ಇಲ್ಲ! 2020ಕ್ಕಿಂತ ಹಿಂದಿನ ಪ್ರಶ್ನೆಗಳನ್ನೇ ಯಾರೋ ಹೊಸ ರಕ್ಷಾಪುಟ ಹಾಕಿ ಹಂಚಿದ್ದಾರೆ. ರಾಷ್ಟ್ರಗೀತೆಯ ಎರಡನೇ ಸಾಲಿನಲ್ಲಿ 'ಯಂಗ್' ಇದ್ದದ್ದು 2021ರ ಜನವರಿ 1ರಿಂದ 'ಒನ್' ಆಗಿದೆ. ಪುಸ್ತಕದಲ್ಲಿ ಹಳೆಯದೇ. ದೇಶದ ಮುಖ್ಯಸ್ಥರು ಯಾರು ಅನ್ನುವಲ್ಲಿ ರಾಣಿ ಎಲಿಜಬೆತ್. ಆಕೆ ತೀರಿಕೊಂಡಿದ್ದು 2022ರ ಸೆಪ್ಟೆಂಬರ್‌ನಲ್ಲಿ, ಈಗ ಚಾರ್ಲ್ಸ್ ರಾಜ. ಓದುವಾಗ ಇದು ನನ್ನ ಕಣ್ಣಿಗೆ ಬಿದ್ದಿತ್ತು, ಸುಳ್ಳು ಹೇಳುವುದಿಲ್ಲ. 'ಪ್ರಿಂಟಿಂಗ್ ಮಿಸ್ಟೇಕ್' ಅಂತ ಪೆನ್ನಿನಲ್ಲಿ ತಿದ್ದಿ ಮುಂದೆ ಹೋಗಿದ್ದೆ. ಅಲ್ಲೇ ನಿಲ್ಲಬೇಕಿತ್ತು, ಅಲ್ವಾ?

ಇನ್ನು ಬ್ರಾಡ್ಮನ್, ನದಿ, ಬೆಟ್ಟ. ಪರೀಕ್ಷೆಗೆ ಬರುವುದು ಕೈಪಿಡಿಯ ನಾಲ್ಕೇ ಭಾಗ: ದೇಶ ಮತ್ತು ಜನ, ಪ್ರಜಾಪ್ರಭುತ್ವದ ನಂಬಿಕೆ ಮತ್ತು ಹಕ್ಕುಗಳು, ಸರ್ಕಾರ ಮತ್ತು ಕಾನೂನು, ಕೊನೆಗೆ ಮೌಲ್ಯಗಳು. ಇತಿಹಾಸದ ದೊಡ್ಡ ಭಾಗ ಸುಮ್ನೆ ಓದಿಕೊಳ್ಳಲು ಕೊಟ್ಟಿದ್ದು, ಪರೀಕ್ಷೆಗಲ್ಲ. ನಾನು ಅದನ್ನೇ ಜಾಸ್ತಿ ಓದಿದ್ದೆ.

ಮೌಲ್ಯಗಳ ಪ್ರಶ್ನೆ ಕಷ್ಟವೇನಲ್ಲ. ಕಷ್ಟವಲ್ಲ ಅನ್ನುವುದೇ ತೊಂದರೆ. ನನಗೆ ಪರೀಕ್ಷೆಯಲ್ಲಿ ಬಂದ ಪ್ರಶ್ನೆ ಬರೆಯುವುದಿಲ್ಲ, ಕೈಪಿಡಿಯಲ್ಲೇ ಮಾದರಿಗಳಿವೆ. ಇಂಗ್ಲಿಷ್ ಕಲಿಯಲು ಪ್ರಯತ್ನಿಸಬೇಕೇ? ಒಬ್ಬರ ಅಭಿಪ್ರಾಯ ಒಪ್ಪದಿದ್ದರೂ ಸಹಿಸಿಕೊಳ್ಳಬೇಕೇ? ಹೆಂಡತಿ ಮಾತು ಕೇಳಲಿಲ್ಲ ಅಂತ ಗಂಡ ಕೈ ಮಾಡಬಹುದೇ? ಫೋನಿನಲ್ಲಿ ಇದನ್ನು ಓದಿ ಹೇಳಿದಾಗ ಅಮ್ಮ, "ಇದಕ್ಕೂ ಪುಸ್ತಕ ಬೇಕೇನವ್ವಾ?" ಅಂದಳು. ಬೇಕು ಅಂದೆ. ಆಯ್ಕೆಗಳು ಉದ್ದುದ್ದ ವಾಕ್ಯಗಳು. ಇದೇನು ಬಿಡು ಅಂತ ಅರ್ಧ ಓದಿ ಒತ್ತಿದರೆ ನನ್ನ ಹಾಗೆ ಆಗುತ್ತದೆ. ನಾನು ಒಗ್ಗರಣೆ ಹಾಕುವ ಅವಸರದಲ್ಲಿ ಒತ್ತಿದ್ದೆ.

ಓದಿನ ಕಥೆ ಇಷ್ಟು. ಆ ಗುಂಪಿನ ಕಥೆ ಬೇರೆ ಇದೆ, ಅದು ಇದಕ್ಕಿಂತ ಕೆಟ್ಟದ್ದು.

'ಫ್ರೀ ಮಾಕ್ ಟೆಸ್ಟ್' ಬರೆಯಲು ರಿಜಿಸ್ಟ್ರೇಶನ್ ಬೇಕು ಅಂದಿದ್ದರು. ಪಾಸ್‌ಪೋರ್ಟಿನ ಮೊದಲ ಪುಟ, ವೀಸಾ ಪತ್ರ, ಫೋನ್ ನಂಬರ್. ಅಪ್ಪ ಸ್ಕ್ಯಾನ್ ಮಾಡಿಸಿ ಕಳಿಸಿದರು. ನಾನೇ ಕೊಟ್ಟಿದ್ದೆ, ಅವರ ಮೇಲೆ ಹಾಕುವುದಿಲ್ಲ. ಅರ್ಜಿ ಹಾಕಿದ ಇಮ್ಮಿಅಕೌಂಟ್‌ನ (ಆಸ್ಟ್ರೇಲಿಯಾ ಗೃಹ ಇಲಾಖೆಯ ಆನ್‌ಲೈನ್ ಖಾತೆ) ಪಾಸ್‌ವರ್ಡ್ ಕೇಳಿದಾಗ ಮಾತ್ರ ಏನೋ ಸರಿ ಕಾಣಲಿಲ್ಲ, ಕೊಡಲಿಲ್ಲ. ಎರಡು ವಾರ ಕಳೆದ ಮೇಲೆ 'ನಿಜವಾದ ಪ್ರಶ್ನೆಗಳ ಬ್ಯಾಚ್' ಎಂದು 4,500 ರೂಪಾಯಿ ಕೇಳಿದರು. ನಿಜವಾದ ಪ್ರಶ್ನೆಗಳನ್ನು ಇಲಾಖೆ ಯಾರಿಗೂ ಕೊಡುವುದಿಲ್ಲ. ಫೇಲಾದ ಮೇಲೆ ಅಪ್ಪನಿಗೇ ಒಂದು ಕರೆ: "ನಿಮ್ಮ ಮಗಳ ಅರ್ಜಿ ರದ್ದಾಗುತ್ತದೆ, ಮತ್ತೆ ಪರೀಕ್ಷೆ ಬರೆಸಲು 25,000 ಆಗುತ್ತದೆ." ನಾನು ಫೇಲಾಗಿದ್ದು ಅವರಿಗೆ ಹೇಗೆ ಗೊತ್ತಾಯಿತು? ಅಪ್ಪನೇ ಗುಂಪಿನಲ್ಲಿ "ಹೀಗ್ಯಾಕಾತು?" ಎಂದು ಕೇಳಿದ್ದರು, ಪಾಪ. ಅವರು ಬ್ಯಾಂಕಿಗೆ ಹೊರಟೇ ಬಿಟ್ಟಿದ್ದರು. ಅಮ್ಮ ವಾಕರ್ ಹಿಡಿದು ಬಾಗಿಲಿಗೆ ಅಡ್ಡ ನಿಂತು, "ಮೊದಲು ಆಕಿಗೆ ಫೋನ್ ಹಚ್ಚರಿ" ಅಂದಿದ್ದಕ್ಕೆ ಹಣ ಉಳಿಯಿತು.

ನಿಜ ಏನೆಂದರೆ ಮತ್ತೆ ಬರೆಯಲು ಒಂದು ಪೈಸೆಯೂ ಕಟ್ಟಬೇಕಿಲ್ಲ. ಅರ್ಜಿಯ ಶುಲ್ಕದಲ್ಲೇ ಎಲ್ಲಾ ಬಂತು. ಇನ್ನೊಂದು ತಾರೀಖು ಕೊಡುತ್ತಾರೆ, ಅಷ್ಟೇ.

ಅದೇ ಗುಂಪಿನಲ್ಲಿ ಪರ್ತ್‌ನಲ್ಲಿರುವ ಮಗನ ಮನೆಯಿಂದ ಒಬ್ಬ ಕಾಕು ದಿನಾ ರಾತ್ರಿ ಸಂದೇಹ ಕೇಳುತ್ತಿದ್ದರು. 63 ವಯಸ್ಸಾದ ಮೇಲೆ ಅರ್ಜಿ ಹಾಕಿದವರು. ಮರೆತು ಹೋಗುತ್ತದೆ, ನಿದ್ದೆ ಬರುತ್ತಿಲ್ಲ ಅನ್ನುತ್ತಿದ್ದರು. ಅವರು ಆ 4,500 ಕೊಟ್ಟೂ ಬಿಟ್ಟಿದ್ದರು. ಪರೀಕ್ಷೆ ಇರುವುದು 18ರಿಂದ 59ರವರೆಗಿನವರಿಗೆ. 60 ದಾಟಿ ಅರ್ಜಿ ಹಾಕಿದವರಿಗೆ ಇಲ್ಲವೇ ಇಲ್ಲ! ಗುಂಪು ನಡೆಸುವವರು ಇದನ್ನು ಹೇಳಲೇ ಇಲ್ಲ. ನಾನು ಬರೆದು ತಿಳಿಸಿದೆ, ಐದು ನಿಮಿಷದಲ್ಲಿ ನನ್ನನ್ನು ತೆಗೆದು ಹಾಕಿದರು.

ಪಿಡಿಎಫ್‌ನ ಕೊನೆ ಪುಟದಲ್ಲಿ ಇನ್ನೊಂದು ಅಪಾಯದ ಮಾತಿದೆ: 'ಎರಡೂ ಪಾಸ್‌ಪೋರ್ಟ್ ಇಟ್ಟುಕೊಳ್ಳಬಹುದು.' ಆಗುವುದಿಲ್ಲ. ಸಮಾರಂಭದಲ್ಲಿ ಪ್ರತಿಜ್ಞೆ ತೆಗೆದುಕೊಂಡು ಅಲ್ಲಿನ ಪ್ರಜೆಯಾದ ಕ್ಷಣಕ್ಕೆ, 1955ರ ಪೌರತ್ವ ಕಾಯ್ದೆಯ ಪ್ರಕಾರ ಭಾರತದ ಪೌರತ್ವ ಹೋಗುತ್ತದೆ. ಪಾಸ್‌ಪೋರ್ಟ್ ಒಪ್ಪಿಸಿ, ಬೇಕಿದ್ದರೆ ಓಸಿಐ ಕಾರ್ಡಿಗೆ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಅರ್ಜಿ ಹಾಕಬೇಕು.

ಎರಡನೇ ಸಲ ನಾನು ಗೃಹ ಇಲಾಖೆಯ ವೆಬ್‌ಸೈಟಿನಿಂದಲೇ ಕೈಪಿಡಿ ಇಳಿಸಿಕೊಂಡೆ. ಅದೂ ಫ್ರೀ. ಅಭ್ಯಾಸ ಪರೀಕ್ಷೆಯೂ ಅಲ್ಲೇ ಇದೆ, ಪಾಸ್‌ಪೋರ್ಟ್ ಕೇಳುವುದಿಲ್ಲ. ಐದು ಸಂಜೆ ಓದಿದೆ, ಪಾಸಾದೆ.

ಬಿ ವಿಂಗ್ ಅಂಕಲ್‌ಗೆ ನಿನ್ನೆ ಇದನ್ನೆಲ್ಲ ಹೇಳಿ, ಅವರ ಫೋನಿನಲ್ಲೇ ಇಲಾಖೆಯ ಪುಟ ತೆರೆದು ಕೊಟ್ಟೆ. ಆಗ ಅವರು, "ಆದರೆ ಅಳಿಯನಿಗೆ ಯಾರೋ ಹೊಸದು ಕಳಿಸಿದ್ದಾರಲ್ಲ" ಎಂದು ಒಂದು ಪಿಡಿಎಫ್ ತೋರಿಸಿದರು. ಅದೇ 62 ಪುಟ. ರಕ್ಷಾಪುಟದ ಮೇಲೆ ಈ ವರ್ಷದ ಇಸವಿ ಹಾಕಿದ್ದಾರೆ. 14ನೇ ಪುಟದಲ್ಲಿ ರಾಣಿ ಇನ್ನೂ ಬದುಕಿದ್ದಾರೆ.