ಭಂಗಾರದ ಗಾಡಿಗೆ 'ಬ' ಅಕ್ಷರದ ಪರೀಕ್ಷೆ

ಹುಬ್ಬಳ್ಳಿ-ಧಾರವಾಡದ ಓಣಿಗಳಿಗೆ ಎರಡು ಗಾಡಿ ಬರುತ್ತವೆ. ಒಂದು ಮಹಾನಗರ ಪಾಲಿಕೆಯ ಕಸದ ಟಿಪ್ಪರ್, ಇನ್ನೊಂದು ರದ್ದಿ-ಭಂಗಾರದವರ, ಅಂದರೆ ಗುಜರಿಯವರ, ತಳ್ಳುಗಾಡಿ. ಯಾವ ಸಾಮಾನು ಯಾವ ಗಾಡಿಗೆ ಅನ್ನುವಲ್ಲೇ ಬಹಳ ಮನೆಗಳು ಎಡವುತ್ತವೆ. ತಳ್ಳುಗಾಡಿಯ ಸೇವೆ ಅಳೆಯಲು ಮನೆಯಿಂದ ಹೊರಬೀಳುವ ಎಲ್ಲವನ್ನೂ ನೋಡಬೇಕಿಲ್ಲ. ಬಾಟಲಿ, ಬಕೆಟ್, ಬಾಣಲೆ, ಬ್ಯಾಟರಿ, ಬಲ್ಬು, ಬಟ್ಟೆ, ಬ್ರಶ್, ಬಿಸ್ಕಿಟ್ ಹಾಳೆ, ಇಷ್ಟು ಸಾಕು.

ಬಾಣಲೆಯಲ್ಲಿ ಗಾಡಿಯವರಿಗೆ ಪೂರ್ತಿ ಅಂಕ. ಅವರ ಹತ್ತಿರ ದಾರಕ್ಕೆ ಕಟ್ಟಿದ ಅಯಸ್ಕಾಂತ ಇರುತ್ತದೆ. ಅಂಟಿದರೆ ಕಬ್ಬಿಣ, ಅಂಟದಿದ್ದರೆ ಅಲ್ಯೂಮಿನಿಯಂ, ಹಿತ್ತಾಳೆ ಅಥವಾ ತಾಮ್ರ. ಅಡುಗೆಮನೆಯ ಸ್ಟೀಲ್ ಪಾತ್ರೆಗಳಲ್ಲೂ ಹೆಚ್ಚಿನವು ಅಂಟುವುದಿಲ್ಲ. ನಾನ್‌ಸ್ಟಿಕ್ ಬಾಣಲೆಯ ಒಡಲು ಸಾಮಾನ್ಯವಾಗಿ ಅಲ್ಯೂಮಿನಿಯಂ, ಹಿಡಿಕೆ ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್. ಬೇಕಲೈಟನ್ನು ಮತ್ತೆ ಕರಗಿಸಲು ಬರುವುದಿಲ್ಲ, ಹಾಗಾಗಿ ಅದಕ್ಕೆ ಬೆಲೆಯಿಲ್ಲ. ಸ್ಕ್ರೂ ಬಿಚ್ಚಿ ಹಿಡಿಕೆ ತೆಗೆದೇ ಕೊಡಿ. ಇಲ್ಲದಿದ್ದರೆ ಹಿಡಿಕೆಯ ಹೆಸರಿನಲ್ಲಿ ಅಂದಾಜಿಗೆ ತೂಕ ಕಳೆಯುತ್ತಾರೆ, ಆ ಅಂದಾಜು ಎಂದೂ ನಿಮ್ಮ ಕಡೆ ವಾಲುವುದಿಲ್ಲ.

ನಿಜವಾದ ತಕರಾರು ಕಾಟಾದ್ದು, ಅಂದರೆ ತಕ್ಕಡಿಯದ್ದು. ಸ್ಪ್ರಿಂಗ್ ಕಾಟಾ ಆದರೆ ಮೂರು ಸಂಗತಿ ಗಮನಿಸಿ. ಖಾಲಿ ಇದ್ದಾಗ ಮುಳ್ಳು ಸೊನ್ನೆಯ ಮೇಲೇ ನಿಂತಿರಬೇಕು. ತೂಗುವಾಗ ಚೀಲದ ತಳ ಗಾಡಿಯ ಅಂಚಿಗಾಗಲಿ ಮೊಣಕಾಲಿಗಾಗಲಿ ತಾಗಿರಬಾರದು, ತಾಗಿದರೆ ಭಾರದ ಒಂದು ಪಾಲು ಅಲ್ಲೇ ಇಳಿದುಹೋಗುತ್ತದೆ. ಮುಳ್ಳಿನ ಕುಣಿತ ನಿಂತ ಮೇಲೆ ಓದಬೇಕು. ಅನುಮಾನ ಬಂದರೆ ಒಡೆಯದ 5 ಕೆಜಿ ಹಿಟ್ಟಿನ ಚೀಲ ತಂದು "ಅಣ್ಣಾ, ಇದನ್ನೊಮ್ಮೆ ತೂಗ್ರಿ" ಅನ್ನಿ. ಸರಿ ಇರುವ ಕಾಟಾದವರು ನಕ್ಕೊಂತ ತೂಗುತ್ತಾರೆ. ಡಿಜಿಟಲ್ ಕಾಟಾಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಬೀಳಬೇಕು, ಅದನ್ನೂ ನೋಡಬಹುದು.

ಬಾಟಲಿ ತೂಕಕ್ಕೆ ಬರುವ ಸಾಮಾನಲ್ಲ. ಒಂದು ಲೀಟರಿನ ನೀರಿನ ಬಾಟಲಿ ಸುಮಾರು 20 ಗ್ರಾಂ, ಕೆಜಿ ತುಂಬಲು ಐವತ್ತರ ಹತ್ತಿರ ಬೇಕು. ಗಾಳಿ ಹೊರಹೋಗುವಂತೆ ಹಿಚುಕಿ, ಆ ಒತ್ತಿನಲ್ಲೇ ಮುಚ್ಚಳ ತಿರುಗಿಸಿ. ಮತ್ತೆ ಉಬ್ಬುವುದಿಲ್ಲ, ಒಂದು ಗೋಣಿಚೀಲದಲ್ಲಿ ಬಹಳಷ್ಟು ಹಿಡಿಯುತ್ತದೆ. ಒಳಗೆ ನೀರು ಉಳಿದಿದ್ದರೆ ಚೌಕಾಸಿಗೆ ನೀವೇ ದಾರಿ ಮಾಡಿಕೊಟ್ಟಂತೆ. ಗಾಜಿನ ಬಾಟಲಿ ಇಡಿಯಾಗಿದ್ದರೆ ಒಂದಕ್ಕಿಷ್ಟು ಎಂಬ ಲೆಕ್ಕದಲ್ಲಿ ಹೋಗುತ್ತದೆ, ಒಡೆದಿದ್ದರೆ ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಬಕೆಟ್ ಹೆಚ್ಚಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನದು. ಯಾವ ಪ್ಲಾಸ್ಟಿಕ್ ಎಂಬ ಗೊಂದಲವಿದ್ದರೆ ಒಂದು ಚೂರು ನೀರಿಗೆ ಹಾಕಿ: ಪಾಲಿಪ್ರೊಪಿಲೀನ್, ಎಚ್‌ಡಿಪಿಇ (ಕ್ಯಾನು, ಡಬ್ಬಿಗಳ ಪ್ಲಾಸ್ಟಿಕ್) ತೇಲುತ್ತವೆ, ಪೆಟ್ (ನೀರಿನ ಬಾಟಲಿಯದು) ಮತ್ತು ಪಿವಿಸಿ (ಪೈಪಿನದು) ಮುಳುಗುತ್ತವೆ. ವರ್ಷಗಟ್ಟಲೆ ಬಿಸಿಲಿನಲ್ಲಿ ಬಿದ್ದ ಬಕೆಟ್ ಮೇಲೆ ಉಗುರು ಎಳೆದರೆ ಸುಣ್ಣದಂಥ ಪುಡಿ ಬರುತ್ತದೆ. ಅಂಥದಕ್ಕೆ ದರ ಇಳಿಸಿದರೆ ಅದು ಮೋಸವಲ್ಲ, ಆ ಪ್ಲಾಸ್ಟಿಕ್ಕಿನ ಕಸುವೇ ಹೋಗಿರುತ್ತದೆ. ತಂತಿಯ ಹಿಡಿಕೆ ಬಿಚ್ಚಿ ಕಬ್ಬಿಣದ ಜೊತೆ ಹಾಕಿ.

ಬ್ಯಾಟರಿಗೆ ಗಾಡಿಯವರು ನಪಾಸು. ಇನ್ವರ್ಟರ್ ಬ್ಯಾಟರಿಯ ಬೆಲೆಯೆಲ್ಲ ಸೀಸದಲ್ಲಿ, ಹಾಗಾಗಿ ಆಸಿಡ್ ಗಟಾರಕ್ಕೆ ಸುರಿದು ಹಗುರ ಮಾಡಿಕೊಂಡು ಹೋಗುವವರಿದ್ದಾರೆ. ಆ ಆಸಿಡ್ಡಿನಲ್ಲಿ ಸೀಸವೂ ಇರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದನ್ನು ವಾಪಸು ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಹೊಸದು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟು ಬೆಲೆಯಲ್ಲಿ ಮುರಿಸಿಕೊಳ್ಳಿ. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಚುಚ್ಚಬೇಡಿ, ಒತ್ತಬೇಡಿ. ತುದಿಗಳಿಗೆ ಟೇಪ್ ಸುತ್ತಿ ಬೇರೆಯೇ ಇಡಿ. ಟಿಪ್ಪರಿನಲ್ಲಿ ಉಳಿದ ಕಸದ ಜೊತೆ ಅದುಮಿದರೆ ಬೆಂಕಿ ಹತ್ತಬಹುದು.

ಬಲ್ಬಿನಲ್ಲಿ ಎಲ್‌ಇಡಿಗೂ ಹಳೆಯ ಸಿಎಫ್‌ಎಲ್‌ಗೂ ವ್ಯತ್ಯಾಸ ತಿಳಿದಿರಬೇಕು. ಎಲ್‌ಇಡಿಯಲ್ಲಿ ಪಾದರಸವಿಲ್ಲ. ಸಿಎಫ್‌ಎಲ್‌ ಮತ್ತು ಟ್ಯೂಬ್‌ಲೈಟಿನಲ್ಲಿ ಕೆಲವು ಮಿಲಿಗ್ರಾಂ ಇರುತ್ತದೆ. ಮನೆಯಲ್ಲಿ ಒಡೆದರೆ ಫ್ಯಾನ್ ಆರಿಸಿ, ಕಿಟಕಿ ತೆರೆದು, ಎಲ್ಲರೂ ಹತ್ತು-ಹದಿನೈದು ನಿಮಿಷ ಹೊರಗಿರಿ. ಕಸಬರಿಗೆ ಹಚ್ಚಬೇಡಿ, ಪುಡಿ ಹರಡುತ್ತದೆ. ಗಟ್ಟಿ ರಟ್ಟಿನಿಂದ ಚೂರು ಬಳಿದು, ಉಳಿದದ್ದನ್ನು ಟೇಪಿಗೆ ಅಂಟಿಸಿ ತೆಗೆದು, ಮುಚ್ಚಳದ ಗಾಜಿನ ಬರಣಿಗೆ ಹಾಕಿ. ಗಾಡಿಯಲ್ಲಿ ಈ ಬಲ್ಬು, ಟ್ಯೂಬುಗಳು ಒಡೆಯುವುದು ಖಾತ್ರಿ, ಆದ್ದರಿಂದ ಅಲ್ಲಿಗೆ ಬೇಡ. ಟಿಪ್ಪರಿಗೆ ಕೊಡುವಾಗಲೂ ಹಸಿ, ಒಣ ಬಿಟ್ಟು ಅಪಾಯಕಾರಿ ಕಸದ ಬೇರೆ ಬುಟ್ಟಿಯಲ್ಲೇ ಹೋಗಬೇಕು. 2016ರ ಘನತ್ಯಾಜ್ಯ ನಿಯಮ ಈ ವಿಂಗಡಣೆಯನ್ನು ಮನೆಯವರಿಗೇ ವಹಿಸಿತ್ತು.

ಬ್ರಶ್ ಮತ್ತು ಬಿಸ್ಕಿಟ್ ಹಾಳೆ ತೋರಿಸಿದರೆ "ಅಕ್ಕಾರ, ಇದು ನಡಿಯಂಗಿಲ್ರಿ" ಅನ್ನುತ್ತಾರೆ. ಬ್ರಶ್ಶಿನ ಹಿಡಿಕೆ ಒಂದು ಪ್ಲಾಸ್ಟಿಕ್, ಕೂದಲು ನೈಲಾನ್. ಹಾಳೆಯಲ್ಲಿ ಪ್ಲಾಸ್ಟಿಕ್ಕಿನ ಪದರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಬಿಡಿಸಲು ಬರುವುದಿಲ್ಲ. ಒರೆಸಿ, ಒಣಕಸದ ಬುಟ್ಟಿಗೆ ಹಾಕಿ.

ಬಟ್ಟೆಗೆ ಈ ಗಾಡಿಗಿಂತ ಹಳೇ ಸೀರೆ ತಗೊಂಡು ಸ್ಟೀಲ್ ಪಾತ್ರೆ ಕೊಡುವವರೇ ಮೇಲು. ಅವರು ಜರಿಯಂಚು, ಪ್ಯಾಂಟು ನೋಡುತ್ತಾರೆ, ಹರಿದ ಹತ್ತಿ ಬಟ್ಟೆ ಬಿಟ್ಟುಹೋಗುತ್ತಾರೆ. ಅದನ್ನು ಗುಂಡಿ, ಜಿಪ್ ಕತ್ತರಿಸಿ, ಒಗೆದು, ಅಂಗೈ ಎರಡರಷ್ಟು ತುಂಡು ಮಾಡಿ ಹತ್ತಿರದ ಗ್ಯಾರೇಜಿಗೆ ಕೊಡಿ. ಪಾಲಿಯೆಸ್ಟರ್ ಮಾತ್ರ ಅವರಿಗೆ ಬೇಡ.