ಗೂಡ್ಸ್ ರೈಲಿನ ಕೆಲಸ: ಎಂಜಿನ್ನೋ, ಬ್ರೇಕ್ ವ್ಯಾನೋ?

ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿ ನೋಡಿ ಆಸೆಪಟ್ಟವರಿಗೆ ಎರಡು ದಾರಿಗಳಿವೆ. ಐಟಿಐ ಅಥವಾ ಡಿಪ್ಲೊಮಾ ಆಗಿದ್ದರೆ ಸಹಾಯಕ ಲೋಕೋ ಪೈಲಟ್, ಅಂದರೆ ಎಂಜಿನ್ ಓಡಿಸುವವರ ಸಹಾಯಕ, ಆಗಬಹುದು. ಕನ್ನಡಕವಿಲ್ಲದೆ ಎರಡೂ ಕಣ್ಣು 6/6 ಇರಲೇಬೇಕು. ಸಿಗ್ನಲ್ ಕಂಡಾಗಲೆಲ್ಲ ಅದರ ಬಣ್ಣವನ್ನು ಪೈಲಟ್ ಜೊತೆ ಬಾಯಿಬಿಟ್ಟು ಹೇಳಬೇಕು.

ಡಿಗ್ರಿ ಆದವರಿಗೆ ಗೂಡ್ಸ್ ಟ್ರೈನ್ ಮ್ಯಾನೇಜರ್ ಹುದ್ದೆ. 2022ಕ್ಕೆ ಮೊದಲು ಇದನ್ನೇ ಗಾರ್ಡ್ ಅಂತಿದ್ದರು. ಕಣ್ಣಿನ ನಿಯಮ ತುಸು ಸಡಿಲ. ಆದರೆ ಗಾಡಿಯ ಕೊನೆಯಲ್ಲಿರುವ ಬ್ರೇಕ್ ವ್ಯಾನಿನಲ್ಲಿ ಒಬ್ಬರೇ ಇರಬೇಕು. ನಡುದಾರಿಯಲ್ಲಿ ಅಪಘಾತವಾಗಿ ಗಾಡಿ ನಿಂತರೆ ಹಿಂದಕ್ಕೆ ನಡೆಯಬೇಕು. ಬ್ರಾಡ್‌ಗೇಜ್ ಹಳಿಯ ಮೇಲೆ 600 ಮೀಟರಿಗೆ ಒಂದು, 1200 ಮೀಟರಿಗೆ ಮೂರು ಡಿಟೊನೇಟರ್ (ಚಕ್ರ ಹರಿದಾಗ ಸಿಡಿದು, ಹಿಂದಿನಿಂದ ಬರುವ ಗಾಡಿಯನ್ನು ಎಚ್ಚರಿಸುವ ಪಟಾಕಿ) ಇಡಬೇಕು. ಕತ್ತಲಾಗಲಿ, ಮಳೆಯಾಗಲಿ, ಬಿಡುವಂತಿಲ್ಲ.

ರಾತ್ರಿ ಡ್ಯೂಟಿ ಇಬ್ಬರಿಗೂ ತಪ್ಪಿದ್ದಲ್ಲ. ಕುಡಿದಿಲ್ಲವೆಂದು ಉಸಿರು ಪರೀಕ್ಷೆಯೂ ಇದೆ, ಅದು ಇರಲೇಬೇಕು ಅಲ್ವಾ? ಒಂಟಿತನ ತಡೆಯದವರು ಎಂಜಿನ್ ಕಡೆಗೇ ಹೋಗಿ ಅಂತ ನನ್ನ ಮಾತು.